ಲೋನ್ ಫಾರ್ಮಿಗೆ ಸಹಿ ಹಾಕುವ ಮುನ್ನ...

ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತಾ? ಸಂತೋಷ! ಆದರೆ ಫೀಸು? ‘ಲೋನ್ ತಗೊಂಡ್ರಾಯ್ತು, ಕೆಲಸ ಸಿಕ್ಕ ಮೇಲೆ ಅವಳೇ ತೀರಿಸ್ಕೋತಾಳೆ’ ಅಂತ ಮನೆಯವರು ಹೇಳಬಹುದು. ಸ್ವಲ್ಪ ತಾಳಿ, ಲೆಕ್ಕ ಹಾಕೋಣ.

ವರ್ಷದ ಆರಂಭಕ್ಕೆ ಒಂದೊಂದು ಲಕ್ಷದಂತೆ ನಾಲ್ಕು ವರ್ಷ, ಶೇ. 10ರ ಬಡ್ಡಿಗೆ ಸಾಲ ತೆಗೆದಿರಿ ಅನ್ನಿ. ಓದು ಮುಗಿದು ಒಂದು ವರ್ಷದವರೆಗೆ ಕಂತಿಲ್ಲ, ನಿಜ. ಆದರೆ ಬಡ್ಡಿ ಸುಮ್ಮನೆ ಕೂರೋದಿಲ್ಲ. ಸರಳಬಡ್ಡಿಯೇ 1.40 ಲಕ್ಷ ಸೇರಿ ಸಾಲ 5.40 ಲಕ್ಷವಾಗಿರುತ್ತೆ! ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದರೆ (ಮೊದಲ ವರ್ಷ ತಿಂಗಳಿಗೆ ಸುಮಾರು 835 ರೂ.) ಸಾಲ ನಾಲ್ಕು ಲಕ್ಷಕ್ಕೇ ನಿಲ್ಲುತ್ತೆ.

ಸಾಲಕ್ಕೂ ಮೊದಲು ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ಸುಕನ್ಯಾ ಸಮೃದ್ಧಿ ಖಾತೆಯಿದ್ದರೆ, 18 ತುಂಬಿದ ಮಗಳ ಓದಿಗೆ ಅರ್ಧದವರೆಗೆ ಹಣ ತೆಗೆಯಬಹುದು. ಸಾಲ ಬೇಕೇ ಬೇಕೆಂದರೆ 2024ರಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ನೋಡಿ. ಕಾಲೇಜು ಅದರ ಪಟ್ಟಿಯಲ್ಲಿದ್ದರೆ ಅಡಮಾನ, ಜಾಮೀನು ಬೇಕಿಲ್ಲ. ಕುಟುಂಬದ ವರಮಾನ 8 ಲಕ್ಷದೊಳಗಿದ್ದರೆ, ಕಂತು ಶುರುವಾಗುವವರೆಗೆ ಶೇ. 3 ಬಡ್ಡಿ ರಿಯಾಯಿತಿಗೂ ಅರ್ಜಿ ಹಾಕಬಹುದು.

ನಿಮ್ಮ ಬಳೆ, ಯಜಮಾನರ ಪಿ.ಎಫ್. ಕೊನೆಗಿರಲಿ. ಮಗಳನ್ನೂ ಕೂರಿಸಿಕೊಂಡೇ ಲೆಕ್ಕ ಹಾಕಿ. ತೀರಿಸಬೇಕಾದವಳು ಅವಳೇ ತಾನೆ?