ಡಾಕ್ಟರ್ ಹೂ ವಾಪಸ್ ಬರಲಿ, ಆದರೆ ಅವಸರ ಬೇಡ

1/5

ಸ್ಟೋರಿಯಲ್ಲಿ ಪೋಲ್ ಹಾಕಿದ್ದೆ: 'ಡಾಕ್ಟರ್ ಹೂ ಮತ್ತೆ ಟಿವಿಗೆ ಬರಬೇಕಾ?' ಫ್ಯಾನ್ಸ್ ಎಲ್ಲ ಯೋಚನೆನೇ ಮಾಡದೆ 'ಹೌದು' ಒತ್ತಿದ್ರಿ. ಉಳಿದವರು 'ಅದ್ಯಾವುದು ಗುರು?' ಅಂತ ಡಿಎಂ ಮಾಡಿದ್ರಿ. ಎರಡೂ ಗುಂಪಿಗೆ ಸೇರಿಸಿ ಬರೀತಿದೀನಿ. ಉದ್ದ ಇದೆ, ಸೇವ್ ಮಾಡ್ಕೊಂಡು ಆಮೇಲೆ ಓದಿದ್ರೂ ಪರವಾಗಿಲ್ಲ.

ಗೊತ್ತಿಲ್ಲದವರಿಗೆ: ಇದು ಬ್ರಿಟನ್ನಿನ ಬಿಬಿಸಿಯ ಸೀರೀಸ್. ತನ್ನ ಹೆಸರು ಹೇಳದ ಒಬ್ಬ ಅಲೆಮಾರಿ ಇದ್ದಾನೆ, ಎಲ್ಲರೂ 'ಡಾಕ್ಟರ್' ಅಂತಾರೆ. ಫೋಟೋದಲ್ಲಿ ಕಾಣ್ತಿರೋ ನೀಲಿ ಪೊಲೀಸ್ ಬಾಕ್ಸೇ ಅವನ ವಾಹನ, ಹೆಸರು ಟಾರ್ಡಿಸ್. ಹೊರಗಿಂದ ಬೀರು ಸೈಜು, ಒಳಗೆ ಹೋದರೆ ಅರಮನೆ. ಅದರಲ್ಲಿ ಯಾವ ಕಾಲಕ್ಕೆ ಬೇಕಾದರೂ, ಯಾವ ಗ್ರಹಕ್ಕೆ ಬೇಕಾದರೂ ಹೋಗಬಹುದು. ಸಾಯುವ ಹೊತ್ತಿಗೆ ಡಾಕ್ಟರ್ ಮುಖ, ಮೈ, ಸ್ವಭಾವ ಎಲ್ಲ ಬದಲಾಗಿ ಹೊಸ ಮನುಷ್ಯ ಆಗಿಬಿಡ್ತಾನೆ, ಕೆಲವೊಮ್ಮೆ ಹೆಂಗಸೂ ಆಗ್ತಾನೆ. ಕೈಯಲ್ಲಿ ಗನ್ ಇರಲ್ಲ. ಬಾಗಿಲು ತೆಗೆಯೋ ಒಂದು ಸ್ಕ್ರೂಡ್ರೈವರ್ ಇರುತ್ತೆ. ನನಗೆ ಈ ಶೋ ಇಷ್ಟ ಆಗೋಕೆ ಆ ಸ್ಕ್ರೂಡ್ರೈವರ್ ಒಂದೇ ಸಾಕು.

ಮೊದಲ ಎಪಿಸೋಡ್ ಬಂದಿದ್ದು 1963ರ ನವೆಂಬರ್ 23ರಂದು. ಅದರ ಹಿಂದಿನ ದಿನವೇ ಅಮೆರಿಕದ ಅಧ್ಯಕ್ಷ ಕೆನಡಿ ಕೊಲೆಯಾಗಿತ್ತು. ಅವತ್ತು ಯಾರಿಗೆ ಟೈಮ್ ಟ್ರಾವೆಲ್ ಕಥೆ ಬೇಕಿತ್ತು ಹೇಳಿ? ಹಾಗಾಗಿ ಮುಂದಿನ ವಾರ ಎರಡನೇ ಎಪಿಸೋಡ್‌ಗೆ ಮುಂಚೆ ಮೊದಲನೆಯದನ್ನೇ ಇನ್ನೊಂದು ಸಲ ಹಾಕಿದ್ರು. ಅದನ್ನ ನಿರ್ದೇಶಿಸಿದ್ದು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. ಆಗ ಅವರಿಗೆ 24 ವರ್ಷ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ 27. ನಮ್ಮ ಸೀನಿಯರ್ಸ್ ವಯಸ್ಸು, ಅಷ್ಟೇ.

ಈಗ ವಿಷಯಕ್ಕೆ ಬರ್ತೀನಿ. 2025ರ ಮೇ 31ರಂದು ಕೊನೆಯ ಸೀಸನ್ ಮುಗೀತು. ಆ ವರ್ಷ ಅಕ್ಟೋಬರ್‌ನಲ್ಲಿ ಡಿಸ್ನಿ ಜೊತೆಗಿನ ಒಪ್ಪಂದ ಮುಂದುವರಿಯಲ್ಲ, 2026ರ ಕ್ರಿಸ್‌ಮಸ್‌ಗೆ ಒಂದು ಸ್ಪೆಷಲ್ ಬರುತ್ತೆ ಅಂತ ಬಿಬಿಸಿ ಹೇಳಿತು. ತಕ್ಷಣ ಫ್ಯಾನ್ಸ್ ಎಲ್ಲ ಎದೆ ಬಡ್ಕೊಂಡು 'ಮುಂದಿನ ಸೀಸನ್ ಯಾವಾಗ, ದುಡ್ಡು ಯಾರು ಹಾಕ್ತಾರೆ' ಅಂತ ಶುರು ಮಾಡಿದ್ರು. ನನ್ನ ಮಾತು ಬೇರೆ. ವಾಪಸ್ ಬರಲೇಬೇಕು. ಆದರೆ ಒಂದೆರಡು ವರ್ಷ ಸುಮ್ಮನಿದ್ದು ಬರಲಿ, ಕಡಿಮೆ ದುಡ್ಡಲ್ಲಿ ಬರಲಿ, ಹಳೇ ಕಥೆ ಒಂದಕ್ಷರವೂ ಗೊತ್ತಿಲ್ಲದ ಹತ್ತು ವರ್ಷದ ಮಗುವಿಗೋಸ್ಕರ ಬರಲಿ. ನಮಗೋಸ್ಕರ ಅಲ್ಲ.

2/5

'ಕಡಿಮೆ ದುಡ್ಡಲ್ಲಿ' ಅಂದ ತಕ್ಷಣ ಬೈಯೋಕೆ ರೆಡಿ ಆಗಿರ್ತೀರಾ, ಗೊತ್ತು. ಸ್ವಲ್ಪ ತಡೀರಿ.

ಈ ಶೋದಲ್ಲಿ ನಾವು ಹೆಮ್ಮೆಯಿಂದ ಹೇಳ್ಕೊಳ್ಳೋದೆಲ್ಲ ಬಡತನದಲ್ಲಿ ಹುಟ್ಟಿದ್ದು. ಟಾರ್ಡಿಸ್ ಹೋದ ಕಡೆಯೆಲ್ಲ ಆಯಾ ಜಾಗಕ್ಕೆ ತಕ್ಕ ವೇಷ ಹಾಕ್ಕೋಬೇಕು ಅನ್ನೋದು ಕಥೆಯ ಲೆಕ್ಕ. ಪ್ರತಿ ಸಲ ಹೊಸ ಆಕಾರ ಕಟ್ಟೋಕೆ ದುಡ್ಡೆಲ್ಲಿ? ಅದಕ್ಕೆ 'ಯಂತ್ರ ಕೆಟ್ಟು ಪೊಲೀಸ್ ಬಾಕ್ಸ್ ಆಕಾರದಲ್ಲೇ ಸಿಕ್ಕಿಹಾಕ್ಕೊಂಡಿದೆ' ಅಂತ ಮಾಡಿದ್ರು. ಇವತ್ತು ಆ ನೀಲಿ ಬಾಕ್ಸ್ ನೋಡಿದ್ರೆ ಸಾಕು, ಜನಕ್ಕೆ ಶೋ ಯಾವುದು ಅಂತ ಗೊತ್ತಾಗುತ್ತೆ. ಡಾಲೆಕ್ ಅನ್ನೋ ಭಯಂಕರ ಶತ್ರುವಿನ ಒಂದು ಕೈ ಏನು ಗೊತ್ತಾ? ಸಿಂಕ್ ಬ್ಲಾಕ್ ಆದಾಗ ಒತ್ತುತ್ತೀವಲ್ಲ, ಆ ರಬ್ಬರ್ ಬಟ್ಟಲು! 1966ರಲ್ಲಿ ಮೊದಲ ಡಾಕ್ಟರ್ ವಿಲಿಯಂ ಹಾರ್ಟ್‌ನೆಲ್‌ಗೆ ಆರೋಗ್ಯ ಕೆಟ್ಟಿತು. ಶೋ ನಿಲ್ಲಿಸೋ ಬದಲು 'ಡಾಕ್ಟರ್ ದೇಹ ಬದಲಾಗುತ್ತೆ' ಅಂದು ಪ್ಯಾಟ್ರಿಕ್ ಟ್ರೌಟನ್‌ನ ತಂದ್ರು. ಅರವತ್ತು ವರ್ಷ ಶೋ ಬದುಕಿದ್ದು ಆ ಒಂದು ಐಡಿಯಾದಿಂದ. ಅದು ಹುಟ್ಟಿದ್ದು ಬೇರೆ ದಾರಿ ಇಲ್ಲದೆ.

ಇದೆಲ್ಲ ಹಳೇ ಕಾಲದ್ದು ಅಂತೀರಾ? ಸರಿ, 2008ರ 'ಮಿಡ್‌ನೈಟ್' ತಗೊಳ್ಳಿ. ಇಡೀ ಎಪಿಸೋಡ್ ಹೆಚ್ಚುಕಮ್ಮಿ ಒಂದು ಟೂರಿಸ್ಟ್ ಬಸ್ಸಿನ ಒಳಗೇ ನಡೆಯುತ್ತೆ. ಬಸ್ಸು ಅಂದ್ರೆ ಬೇರೆ ಗ್ರಹದಲ್ಲಿ ಓಡೋದು, ಅಷ್ಟೇ ವ್ಯತ್ಯಾಸ. ದಾರಿ ಮಧ್ಯೆ ಕೆಟ್ಟು ನಿಲ್ಲುತ್ತೆ. ಹೊರಗಡೆ ಯಾವ ಜೀವವೂ ಬದುಕೋಕೆ ಆಗಲ್ಲ, ಆದರೂ ಯಾರೋ ಗೋಡೆ ಬಡೀತಾರೆ. ಆಮೇಲೆ ಒಳಗಿರೋ ಒಬ್ಬ ಹೆಂಗಸು ಎಲ್ಲರ ಮಾತನ್ನ ಗಿಣಿ ಥರ ವಾಪಸ್ ಹೇಳೋಕೆ ಶುರು ಮಾಡ್ತಾಳೆ. ನಂತರ ಅವರ ಜೊತೆಜೊತೆಗೇ ಹೇಳ್ತಾಳೆ. ಕೊನೆಗೆ ಡಾಕ್ಟರ್‌ಗಿಂತ ಮುಂಚೆ ಡಾಕ್ಟರ್ ಮಾತನ್ನ ಅವಳೇ ಹೇಳ್ತಾಳೆ. ರಾಕ್ಷಸ ಹೇಗಿದೆ ಅಂತ ನಮಗೆ ತೋರಿಸೋದೇ ಇಲ್ಲ. ಹೆದರಿಕೆ ಹುಟ್ಟೋದು ಉಳಿದ ಪ್ರಯಾಣಿಕರಿಂದ. ಹತ್ತು ನಿಮಿಷ ಮುಂಚೆ ನಗ್ತಾ ಮಾತಾಡ್ತಿದ್ದ ಮರ್ಯಾದಸ್ಥರು, ಫ್ಯಾಮಿಲಿ ಜನ, ಪ್ರೊಫೆಸರ್, ಎಲ್ಲ ಸೇರಿ ಡಾಕ್ಟರ್‌ನ ಹೊರಗೆ ಎಸೆಯೋಣ ಅಂತ ಎಳೀತಾರೆ. ಅವನನ್ನ ಉಳಿಸಿ ತಾನು ಸಾಯೋದು ಬಸ್ಸಿನ ಹೋಸ್ಟೆಸ್. ಎಲ್ಲ ಮುಗಿದ ಮೇಲೆ 'ಅವಳ ಹೆಸರೇನು?' ಅಂತ ಡಾಕ್ಟರ್ ಕೇಳ್ತಾನೆ. ಒಬ್ಬರಿಗೂ ಗೊತ್ತಿರಲ್ಲ.

ನಾನು ನೋಡಿದ ಯಾವ ದೊಡ್ಡ ಬಜೆಟ್ ಸೈನ್ಸ್ ಫಿಕ್ಷನ್ ಕೂಡ ಇಷ್ಟು ದಿನ ತಲೆಯಲ್ಲಿ ಉಳಿದಿಲ್ಲ ಕಣ್ರೋ. 2025ರ ಸೀಸನ್‌ನಲ್ಲೂ ನನಗೆ ತುಂಬಾ ಹಿಡಿಸಿದ್ದು ಇನುವಾ ಎಲಮ್ಸ್ ಬರೆದ ಎಪಿಸೋಡ್. ಲಾಗೋಸ್‌ನ ಒಂದು ಕ್ಷೌರದ ಅಂಗಡಿ, ಒಳಗೆ ಕೂತವರು ಹೇಳೋ ಕಥೆಗಳೇ ಅಲ್ಲಿ ಇಂಧನ. ಅದೂ ಒಂದು ಕೋಣೆಯ ಕಥೆಯೇ.

3/5

ಈಗ 'ಗ್ಯಾಪ್' ಬಗ್ಗೆ.

1989ರ ಡಿಸೆಂಬರ್‌ನಲ್ಲಿ, 26 ಸೀಸನ್ ಆದ ಮೇಲೆ, ಬಿಬಿಸಿ ಶೋ ನಿಲ್ಲಿಸಿತು. ಮಧ್ಯೆ 1996ರಲ್ಲಿ ಒಂದು ಟಿವಿ ಸಿನಿಮಾ ಬಂದಿದ್ದು ಬಿಟ್ರೆ 2005ರವರೆಗೂ ಟಿವಿಯಲ್ಲಿ ಸೀರೀಸ್ ಇಲ್ಲ. ಈ ಹದಿನೈದು ವರ್ಷ ಶೋ ಸತ್ತುಹೋಗಿತ್ತಾ? ಇಲ್ಲ, ಫ್ಯಾನ್ಸ್ ಮನೆಯಲ್ಲಿತ್ತು. 1991ರಿಂದ ಕಾದಂಬರಿಗಳು ಬರೋಕೆ ಶುರುವಾದವು, 1999ರಿಂದ ಬಿಗ್ ಫಿನಿಶ್‌ನವರ ಆಡಿಯೋ ನಾಟಕಗಳು. ಅವನ್ನ ಬರೆದವರು ಬಹುಪಾಲು ಚಿಕ್ಕಂದಿನಲ್ಲಿ ಸೋಫಾ ಹಿಂದೆ ಬಚ್ಚಿಟ್ಟುಕೊಂಡು ಈ ಶೋ ನೋಡಿದವರು. ಪಾಲ್ ಕಾರ್ನೆಲ್ 1995ರಲ್ಲಿ 'ಹ್ಯೂಮನ್ ನೇಚರ್' ಅನ್ನೋ ಕಾದಂಬರಿ ಬರೆದ್ರು. 2007ರಲ್ಲಿ ಅದೇ ಹೆಸರಲ್ಲಿ ಟಿವಿಗೆ ಬಂತು. ರಾಬರ್ಟ್ ಶಿಯರ್‌ಮನ್ ಮಾಡಿದ್ದ ಆಡಿಯೋ ನಾಟಕದ ಬೀಜದಿಂದ 2005ರ 'ಡಾಲೆಕ್' ಎಪಿಸೋಡ್ ಬೆಳೀತು. 2005ರಲ್ಲಿ ಶೋ ವಾಪಸ್ ತಂದ ರಸೆಲ್ ಟಿ ಡೇವಿಸ್ ಕೂಡ 1996ರಲ್ಲಿ ಒಂದು ಡಾಕ್ಟರ್ ಹೂ ಕಾದಂಬರಿ ಬರೆದವರೇ. ಬರೆಯೋರೆಲ್ಲ ಗ್ಯಾಪ್‌ನಲ್ಲಿ ತಯಾರಾದ್ರು.

ಇನ್ನೊಂದು ವಿಷಯ ಹೇಳಲೇಬೇಕು. ಹಳೇ ಟೇಪ್‌ಗಳನ್ನ ಅಳಿಸಿ ಮತ್ತೆ ಬಳಸೋದು ಆಗ ಬಿಬಿಸಿಯ ಪದ್ಧತಿ. ಹಾಗಾಗಿ 60ರ ದಶಕದ ತೊಂಬತ್ತಕ್ಕೂ ಹೆಚ್ಚು ಎಪಿಸೋಡ್‌ಗಳ ವಿಡಿಯೋ ಇವತ್ತಿಗೂ ಇಲ್ಲ. ಆದರೆ ಅಷ್ಟೂ ಎಪಿಸೋಡ್‌ಗಳ ಧ್ವನಿ ಇದೆ! ಯಾಕಂದ್ರೆ ಆಗಿನ ಹುಡುಗರು ಮನೆಯಲ್ಲಿ ಟಿವಿಯಿಂದ ಟೇಪ್ ರೆಕಾರ್ಡರ್‌ಗೆ ತುಂಬಿಸಿಟ್ಟಿದ್ರು. ಬಿಬಿಸಿ ಎಸೆದಿದ್ದನ್ನ ಅಭಿಮಾನಿಗಳು ಎತ್ತಿಟ್ಟಿದ್ದಾರೆ. ಇಂಥ ಶೋ ಮೂರು ವರ್ಷ ಟಿವಿಯಲ್ಲಿ ಬರಲಿಲ್ಲ ಅಂತ ಸಾಯುತ್ತಾ?

4/5

ಹಾಗಂತ ವಾಪಸ್ ಬಂದರೆ ಸಾಲದು, ಹೇಗೆ ಬರ್ತೀವಿ ಅನ್ನೋದೂ ಇದೆ. ಎರಡು ವಾಪಸಾತಿಗಳನ್ನ ಪಕ್ಕಪಕ್ಕ ಇಟ್ಟು ನೋಡಿ.

1996ರ ಸಿನಿಮಾ ಅಮೆರಿಕದವರ ಜೊತೆ ಸೇರಿ ಮಾಡಿದ್ದು. ಡಾಕ್ಟರ್ ಆಗಿ ಪಾಲ್ ಮೆಕ್‌ಗ್ಯಾನ್, ಒಳ್ಳೇ ನಟ. ಆದರೆ ಶುರುವಾಗೋದೇ ಒಂದು ಪಾಠದಿಂದ: ಡಾಲೆಕ್‌ಗಳ ಗ್ರಹ, ಮಾಸ್ಟರ್ ಅನ್ನೋ ಹಳೇ ಶತ್ರುವಿಗೆ ಮರಣದಂಡನೆ, ಟೈಮ್ ಲಾರ್ಡ್, ಗ್ಯಾಲಿಫ್ರೇ. ಹೊಸದಾಗಿ ನೋಡೋನಿಗೆ ಎರಡೇ ನಿಮಿಷದಲ್ಲಿ ತಲೆ ಗಿರ್ರ್. ಬ್ರಿಟನ್‌ನಲ್ಲಿ ಜನ ನೋಡಿದ್ರು, ಅಮೆರಿಕದಲ್ಲಿ ಸಾಕಷ್ಟು ಜನ ನೋಡಲಿಲ್ಲ, ಸೀರೀಸ್ ಆಗಲೇ ಇಲ್ಲ.

2005ರ ಮಾರ್ಚ್ 26ರ 'ರೋಸ್' ಶುರುವಾಗೋದು ಅಲಾರಂನಿಂದ. 19 ವರ್ಷದ ಹುಡುಗಿ, ಅಮ್ಮನ ಜೊತೆ ಫ್ಲಾಟು, ಬಟ್ಟೆ ಅಂಗಡಿಯಲ್ಲಿ ಕೆಲಸ. ಅಂಗಡಿ ಗೊಂಬೆಗಳು ನಡೆಯೋಕೆ ಶುರು ಮಾಡುತ್ತವೆ. ಒಬ್ಬ ಬಂದು ಅವಳ ಕೈ ಹಿಡಿದು 'ಓಡು' ಅಂತಾನೆ. ಆ ಗೊಂಬೆಗಳು 1970ರಲ್ಲೇ ಬಂದಿದ್ದ ಹಳೇ ಶತ್ರುಗಳು, ಆದರೆ ಅದು ಗೊತ್ತಿರಬೇಕಾದ ಅಗತ್ಯವೇ ಇಲ್ಲ. ರೋಸ್‌ಗೆ ಗೊತ್ತಿಲ್ಲ, ನಮಗೂ ಗೊತ್ತಿಲ್ಲ, ಅವಳ ಜೊತೆ ನಾವೂ ಓಡ್ತೀವಿ. ಬ್ರಿಟನ್‌ನಲ್ಲಿ ಅವತ್ತು 1 ಕೋಟಿಗೂ ಹೆಚ್ಚು ಜನ ನೋಡಿದ್ರು.

ಈಗ 2025ರ ಕೊನೆ ನೆನಪಿಸ್ಕೊಳ್ಳಿ. (ನೋಡದವರು ಈ ಪ್ಯಾರಾ ಬಿಡಿ, ಸ್ಪಾಯ್ಲರ್ ಇದೆ.) ರಾಣಿ ಅನ್ನೋ 80ರ ದಶಕದ ವಿಲನ್ ವಾಪಸ್. ಅವಳು ಕರೆಯೋದು ಒಮೆಗಾನ, ಅವನು ಟಿವಿಯಲ್ಲಿ ಕಾಣಿಸಿದ್ದು 1972–73ರಲ್ಲಿ ಒಂದು ಕಥೆ, 1983ರಲ್ಲಿ ಇನ್ನೊಂದು. ಎನ್‌ಕೂಟಿ ಗಾಟ್ವಾ ಥರದ ನಟ ಕಣ್ಣೀರು ಸುರಿಸ್ತಾ ಹೊರಟುಹೋದಾಗ, ಬೆಳಕಿನೊಳಗಿಂದ ಎದ್ದಿದ್ದು ಬಿಲ್ಲಿ ಪೈಪರ್, ಅಂದ್ರೆ 2005ರ ಅದೇ ರೋಸ್ ಪಾತ್ರಧಾರಿ. ನಮ್ಮಂಥವರು ಸೀಟಿ ಹೊಡೆದ್ವಿ ನಿಜ. ಪಕ್ಕದಲ್ಲಿ ಕೂತ ಹತ್ತು ವರ್ಷದ ಮಗುವಿಗೆ ಏನರ್ಥ ಆಯ್ತು? ಮಗುವಿನ ಹುಟ್ಟುಹಬ್ಬಕ್ಕೆ ತಾತನ ಸ್ನೇಹಿತರನ್ನ ಮಾತ್ರ ಕರೆದ ಹಾಗಾಯ್ತು. ಜೊತೆಗೆ 2005ರಲ್ಲಿ ಸೀಸನ್‌ಗೆ 13 ಎಪಿಸೋಡ್ ಇದ್ದವು, ಈಗ 8. ಎಂಟರಲ್ಲಿ ಎರಡು ದೊಡ್ಡ ಫಿನಾಲೆಗೆ ಹೋದರೆ, ಡಾಕ್ಟರ್ ಜೊತೆ ಸುಮ್ಮನೆ ಊರು ಸುತ್ತೋಕೆ ಉಳಿಯೋದೆಷ್ಟು? ನನಗೆ ಎಂಟು ಮಿನುಗೋ ಎಪಿಸೋಡ್‌ಗಿಂತ ಹದಿಮೂರು ಸಾದಾ ಎಪಿಸೋಡ್ ಬೇಕು, ಅದರಲ್ಲಿ ಎರಡು ಡಬ್ಬಾ ಆದ್ರೂ ಚಿಂತೆಯಿಲ್ಲ.

5/5

ನನ್ನ ವಾದಕ್ಕೆ ಎದುರು ಮಾತೂ ಇದೆ, ಅದು ಸಣ್ಣದಲ್ಲ. ಶೋ ನಿಂತರೆ ವೇಲ್ಸ್‌ನಲ್ಲಿ ಅದನ್ನೇ ನಂಬಿ ದುಡಿಯೋ ಬಡಗಿಗಳು, ಮೇಕಪ್‌ನವರು, ಲೈಟ್‌ನವರು ಬೇರೆ ಕೆಲಸ ಹುಡುಕಬೇಕು. 89ರಿಂದ 2005ರ ಮಧ್ಯೆ ಬೆಳೆದ ಮಕ್ಕಳಿಗೆ 'ನನ್ನ ಡಾಕ್ಟರ್' ಅಂತ ಟಿವಿಯಲ್ಲಿ ಒಬ್ಬನೂ ಸಿಗಲಿಲ್ಲ. ಅದು ನಷ್ಟವೇ. ಅದಕ್ಕೇ ನಾನು ಹದಿನೈದು ವರ್ಷ ಅಂತಿಲ್ಲ, ಎರಡು ಮೂರು ವರ್ಷ ಅಂತಿದೀನಿ. ಹೊಸ ಬರಹಗಾರರು ಕೂತು ಯೋಚಿಸೋಕೆ ಬೇಕಾದಷ್ಟು ಮಾತ್ರ. 2018ರಲ್ಲಿ ವಿನಯ್ ಪಟೇಲ್‌ಗೆ ಒಂದು ಎಪಿಸೋಡ್ ಕೊಟ್ಟಾಗ ಅವರು ಡಾಕ್ಟರ್‌ನ 1947ರ ಪಂಜಾಬಿಗೆ ಕರ್ಕೊಂಡು ಹೋದ್ರು. ದೇಶ ಇಬ್ಭಾಗ ಆಗೋ ದಿನ, ಗಡಿಯ ಮೇಲೆ ಒಂದು ಮದುವೆ. ಬ್ರಿಟಿಷ್ ಮನೆಗಳಲ್ಲಿ ಭಾನುವಾರ ಸಂಜೆ ಮಕ್ಕಳು ನಮ್ಮ ವಿಭಜನೆಯ ಕಥೆ ನೋಡಿದ್ರು. ಅಂಥ ಇನ್ನೂ ಹತ್ತು ಜನ ಸಿಗ್ತಾರೆ, ಹುಡುಕೋಕೆ ಸಮಯ ಕೊಟ್ಟರೆ.

ಬಿಲ್ಲಿ ಪೈಪರ್ ಕಥೆ ಏನು ಮಾಡೋದು ಅಂತ ಕೇಳ್ತೀರಾ. ಕೊನೆಯ ಎಪಿಸೋಡ್‌ನ ಕ್ರೆಡಿಟ್‌ನಲ್ಲಿ ಅವರ ಹೆಸರಿನ ಮುಂದೆ 'ಡಾಕ್ಟರ್' ಅಂತ ಹಾಕಿಲ್ಲ, ಗಮನಿಸಿದ್ರಾ? ಆ ಗಂಟನ್ನ ಸ್ಪೆಷಲ್ ಎಪಿಸೋಡ್‌ನಲ್ಲೇ ಬಿಚ್ಚಿ ಮುಗಿಸಿಬಿಡಲಿ. ಆಮೇಲೆ ಬರೋ ಹೊಸ ಸೀಸನ್‌ನ ಮೊದಲ ದೃಶ್ಯದಲ್ಲಿ ನಮಗೆ ಗೊತ್ತಿರೋ ಒಂದು ಮುಖವೂ ಇರಬಾರದು.

ಇನ್ನೂ ನೋಡೇ ಇಲ್ಲ ಅಂತ ಡಿಎಂ ಮಾಡಿದವರಿಗೆ: 1963ರಿಂದ ಶುರು ಮಾಡೋಕೆ ಹೋಗಬೇಡಿ, ಸುಸ್ತಾಗ್ತೀರಾ. 2007ರ 'ಬ್ಲಿಂಕ್' ನೋಡಿ. ಕಣ್ಣು ಮಿಟುಕಿಸಿದರೆ ಹತ್ತಿರ ಬರೋ ಕಲ್ಲಿನ ವಿಗ್ರಹಗಳು, ಡಾಕ್ಟರ್ ಅದರಲ್ಲಿ ಇರೋದೇ ಸ್ವಲ್ಪ ಹೊತ್ತು. ಆಮೇಲೆ 'ಮಿಡ್‌ನೈಟ್'. ಮನೆಯಲ್ಲಿ ತಮ್ಮ ತಂಗಿ ಇದ್ರೆ ಜೊತೆಗೆ ಕೂರಿಸ್ಕೊಂಡು ನೋಡಿ, ಎಲ್ಲಿ ಹೆದರಿದ್ರು, ಎಲ್ಲಿ ಬೋರ್ ಆಯ್ತು ಅಂತ ಕಾಮೆಂಟ್‌ನಲ್ಲಿ ಹಾಕಿ. ನಿಮ್ಮದಲ್ಲ, ಅವರದ್ದು.

#ಡಾಕ್ಟರ್‌ಹೂ #ಟಾರ್ಡಿಸ್ #ಸೈನ್ಸ್‌ಫಿಕ್ಷನ್ #ಕನ್ನಡದಲ್ಲಿ