ಹೊಲಿದ ಲೆನ್ಸಿನ ವಿವರ ಚೀಟಿಯಲ್ಲಿರಲಿ



ಉಚಿತ ನೇತ್ರ ಶಿಬಿರಗಳ ವರದಿಯಲ್ಲಿ ಎಷ್ಟು ಜನರಿಗೆ ಪೊರೆ ಆಪರೇಷನ್ ಆಯಿತೆಂಬ ಲೆಕ್ಕ ಇರುತ್ತದೆ. ಲೆನ್ಸ್ ಕೂರದೆ ಹಾಗೇ ಮನೆಗೆ ಬಂದವರ, ಆಮೇಲೆ ಅದನ್ನು ಹೊಲಿಸಿಕೊಂಡವರ ಗತಿ ಏನಾಯಿತೆಂದು ಯಾರೂ ಕೇಳುವುದಿಲ್ಲ.

ಪೊರೆ ತೆಗೆದ ಮೇಲೆ ಉಳಿಯುವ ತೆಳು ಚೀಲದಲ್ಲೇ ಸಾಮಾನ್ಯವಾಗಿ ಕೃತಕ ಲೆನ್ಸ್ ಕೂರುತ್ತದೆ. ಚೀಲ ಹರಿದರೆ, ಇಲ್ಲವೇ ಪೆಟ್ಟು ಬಿದ್ದೋ ಮಾರ್ಫಾನ್‌ನಂಥ ಹುಟ್ಟು ತೊಂದರೆಯಿಂದಲೋ ಅದನ್ನು ಹಿಡಿದಿರುವ ಎಳೆಗಳು ಸಡಿಲವಾಗಿದ್ದರೆ ಲೆನ್ಸಿಗೆ ಆಧಾರವಿರುವುದಿಲ್ಲ. ಆಗ ಅದನ್ನು ಬಿಳಿಗುಡ್ಡೆಗೆ ದಾರದಿಂದ ಬಿಗಿಯುತ್ತಾರೆ. ದಾರವಿಲ್ಲದ ವಿಧಾನಗಳೂ ಇವೆ. ಚೆನ್ನೈನ ಡಾ. ಅಮರ್ ಅಗರ್‌ವಾಲ್ 2007ರಲ್ಲಿ ಫೈಬ್ರಿನ್ ಅಂಟು ಬಳಸಿ ಲೆನ್ಸ್ ಕೂರಿಸಿದರು. ಜಪಾನಿನ ಡಾ. ಶಿನ್ ಯಮಾನೆ ಲೆನ್ಸಿನ ಕಾಲುಗಳ ತುದಿಯನ್ನು ಬಿಸಿ ತಾಗಿಸಿ ಉಬ್ಬಿಸಿ, ಬಿಳಿಗುಡ್ಡೆಯಲ್ಲೇ ಸಿಕ್ಕಿಸುವ ದಾರಿ ತೋರಿಸಿದರು.

ಇವುಗಳಿಂದ ಎಷ್ಟೋ ಜನರಿಗೆ ಕಣ್ಣು ಬಂದಿದೆ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಅತ್ತೆಯವರು ಲೆನ್ಸ್ ಹೊಲಿಸಿಕೊಂಡ ಮೇಲೆ ಸೋಡಾಬುಡ್ಡಿ ಕನ್ನಡಕ ತೆಗೆದಿಟ್ಟು, ಮೊರದಲ್ಲಿ ಅಕ್ಕಿ ಹರಡಿಕೊಂಡು ತಾವೇ ಕಲ್ಲು ಆರಿಸುತ್ತಿದ್ದರು. ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ ಎಲ್ಲವೂ ಎರಡೆರಡಾಗಿ ಕಾಣತೊಡಗಿತು. ದಾರ ತುಂಡಾಗಿ ಲೆನ್ಸ್ ಓರೆಯಾಗಿತ್ತು. ಬೇರೆ ಊರಿನ ವೈದ್ಯರಿಗೆ ಹಳೆಯ ಚೀಟಿ ಕೊಟ್ಟರೆ ಅದರಲ್ಲಿದ್ದುದು 'ಲೆನ್ಸ್ ಹಾಕಿದೆ' ಎಂಬ ಒಂದೇ ಸಾಲು. ಯಾವ ದಾರ, ಯಾವ ಲೆನ್ಸ್, ಏನೂ ಇಲ್ಲ. ಲೆನ್ಸಿನ ಡಬ್ಬಿಯಲ್ಲೇ ಪವರ್ ಮತ್ತು ನಂಬರಿನ ಸ್ಟಿಕ್ಕರ್ ಬರುತ್ತದಂತೆ. ಅದನ್ನೂ ಅಂಟಿಸಿರಲಿಲ್ಲ.

ಕೂದಲಿಗಿಂತ ತೆಳುವಾದ ಪಾಲಿಪ್ರೊಪಿಲೀನ್ ದಾರ ವರ್ಷಗಳ ಮೇಲೆ ತುಂಡಾಗಬಹುದೆಂಬುದು ವೈದ್ಯರಿಗೆ ಹೊಸ ವಿಷಯವಲ್ಲ. ಹಾಗೆಂದೇ ಹಲವರು ದಪ್ಪ ದಾರಕ್ಕೆ, ಗೋರ್‌ಟೆಕ್ಸ್ ದಾರಕ್ಕೆ ಹೊರಳಿದ್ದಾರೆ. ದಾರದ ಗಂಟು ಹೊರಗೆ ಚಾಚಿದರೆ ಅದೇ ಜಾಗದಿಂದ ಸೋಂಕು ಒಳಸೇರಬಹುದು. ರೆಟಿನಾ ಕಳಚಬಹುದು, ಅದರ ನಡುಭಾಗ ಊದಿಕೊಳ್ಳಬಹುದು, ಕಣ್ಣಿನ ಒತ್ತಡ ಏರಬಹುದು. ಮಿಂಚು ಹೊಡೆದಂತಾದರೆ, ಒಂದು ಕಡೆ ಪರದೆ ಇಳಿದಂತೆ ಕಂಡರೆ, ಕಣ್ಣು ಕೆಂಪಾಗಿ ನೋವು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಇಷ್ಟನ್ನು ಕನ್ನಡದಲ್ಲಿ ಬರೆದುಕೊಡಲು ಏನು ಕಷ್ಟ? ಹಳ್ಳಿಯ ಮುದುಕರು 'ವಯಸ್ಸಾಯ್ತಲ್ಲ' ಎಂದು ಸುಮ್ಮನಿದ್ದುಬಿಡುತ್ತಾರೆ. ರೆಟಿನಾ ಕಳಚಿದಾಗ ಹಾಗೆ ಕಳೆದ ಪ್ರತಿ ದಿನವೂ ದುಬಾರಿ.

ಆರೋಗ್ಯ ಇಲಾಖೆ ಶಿಬಿರಗಳಿಗೆ ಅನುಮತಿ ಕೊಡುವಾಗಲೇ ಈ ಷರತ್ತು ಹಾಕಲಿ: ಲೆನ್ಸ್ ಕೂರದವರನ್ನು ಎರಡನೇ ಆಪರೇಷನ್‌ಗೆ ಕಳಿಸುವ ಹೊಣೆ ಶಿಬಿರ ನಡೆಸಿದವರದೇ. ಹೊಲಿದ ಲೆನ್ಸಿನವರ ಪಟ್ಟಿ ತಾಲ್ಲೂಕು ಆಸ್ಪತ್ರೆಯಲ್ಲಿರಲಿ, ವರ್ಷಕ್ಕೊಮ್ಮೆ ಅವರನ್ನು ಕರೆಸಿ ರೆಟಿನಾ ಪರೀಕ್ಷೆ ಮಾಡಲಿ, ಮತ್ತೆ ಹೊಲಿಯಬೇಕಾಗಿ ಬಂದರೆ ಆ ಖರ್ಚನ್ನೂ ಸರ್ಕಾರವೇ ಭರಿಸಲಿ.

– ಓದುಗರೊಬ್ಬರು, ತಿಪಟೂರು