ಅಂಕದ ಸಂಸ್ಕೃತವೂ ಅಧ್ಯಯನದ ಸಂಸ್ಕೃತವೂ

ಸಂಸ್ಕೃತಕ್ಕೆ ಮೈಸೂರಿನಲ್ಲಿ ಗೌರವದ ಕೊರತೆ ಎಂದೂ ಇರಲಿಲ್ಲ. 1876ರಲ್ಲಿ ಆರಂಭವಾದ ಮಹಾರಾಜರ ಸಂಸ್ಕೃತ ಪಾಠಶಾಲೆ, 1891ರ ಓರಿಯಂಟಲ್ ಲೈಬ್ರರಿ, ಅಲ್ಲಿ ದೊರೆತ ತಾಳೆಗರಿಯ ಪ್ರತಿಯಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಮುದ್ರಿಸಿ ಲೋಕಕ್ಕೆ ನೀಡಿದ ಆರ್. ಶಾಮಶಾಸ್ತ್ರಿಗಳು, ಇವೆಲ್ಲ ಈ ನಗರದ ಹೆಮ್ಮೆ. ಇಂತಹ ನಾಡಿನಲ್ಲಿ ಪ್ರೌಢಶಾಲೆಯ ಸಂಸ್ಕೃತ ಶಿಕ್ಷಣವನ್ನು ತಿದ್ದಲು ಹೊರಟಾಗ ಎದ್ದ ವಿರೋಧವು ನಿಜವಾಗಿ ಉಳಿಸಿಕೊಂಡದ್ದು ಏನನ್ನು?

ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೇ ಪ್ರಥಮ ಭಾಷೆಯಾಗಿ ಆರಿಸಿ, ಕನ್ನಡದ ಒಂದಕ್ಷರವನ್ನೂ ಓದದೆ ಎಸ್.ಎಸ್.ಎಲ್.ಸಿ. ಮುಗಿಸಲು ಅಂದು ಅವಕಾಶವಿತ್ತು. 1979ರಲ್ಲಿ ಸರ್ಕಾರವು ಆ ಸ್ಥಾನವನ್ನು ಬದಲಿಸಲು ಮುಂದಾದೊಡನೆ ಸಂಸ್ಕೃತಾಭಿಮಾನಿಗಳು ಪ್ರತಿಭಟಿಸಿದರು. 1980ರಲ್ಲಿ ವಿ. ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಕನ್ನಡವೊಂದೇ 150 ಅಂಕಗಳ ಪ್ರಥಮ ಭಾಷೆಯಾಗಬೇಕೆಂದು ಅದು 1981ರ ಜನವರಿಯಲ್ಲಿ ವರದಿಯಿತ್ತಿತು. 1982ರ ಚಳವಳಿ, ಡಾ. ರಾಜ್‌ಕುಮಾರ್ ಅವರ ನೇತೃತ್ವ, ಅನಂತರದ ನ್ಯಾಯಾಲಯದ ವ್ಯಾಜ್ಯಗಳು ಎಲ್ಲರೂ ಬಲ್ಲ ಸಂಗತಿ. ಕಡೆಗೆ 125 ಅಂಕಗಳ ಪ್ರಥಮ ಭಾಷೆಗಳ ಪಟ್ಟಿಯಲ್ಲಿ ಸಂಸ್ಕೃತವೂ ಉಳಿಯಿತು.

ಸಂಸ್ಕೃತ ಅಳಿದರೆ ಶಾಸ್ತ್ರಗಳ ಬಾಗಿಲು ಮುಚ್ಚುತ್ತದೆ ಎಂಬುದು ವಿರೋಧಿಸಿದವರ ವಾದ. ಅಧ್ಯಾಪಕರ ಜೀವನೋಪಾಯದ ಆತಂಕವೂ ಸುಳ್ಳಲ್ಲ. ಆದರೆ ಆ ಪರೀಕ್ಷೆಯಲ್ಲಿ ಅನೇಕ ಪ್ರಶ್ನೆಗಳಿಗೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸಬಹುದಾಗಿತ್ತು. ಸಂಸ್ಕೃತದಲ್ಲಿ ನಾಲ್ಕು ವಾಕ್ಯ ಬರೆಯಲಾರದ ಬಾಲಕನೂ ಸಂಸ್ಕೃತದಲ್ಲಿ ನೂರಕ್ಕೆ ಮೇಲ್ಪಟ್ಟು ಅಂಕ ಗಳಿಸಬಲ್ಲವನಾದ. ಶಾಸ್ತ್ರದ ಬಾಗಿಲ ಬಗ್ಗೆ ಅಷ್ಟು ಕಳವಳವಿದ್ದವರು ಮೊದಲು ಕೇಳಬೇಕಾಗಿದ್ದುದು ಈ ರಿಯಾಯಿತಿಯ ರದ್ದತಿಯನ್ನು. ಆ ಬೇಡಿಕೆ ಬೀದಿಗೆ ಬರಲಿಲ್ಲ. ಬಂದಿದ್ದರೆ ಸಂಸ್ಕೃತ ತರಗತಿಗಳ ಬೆಂಚುಗಳು ಬರಿದಾಗುತ್ತಿದ್ದವು ಎಂಬುದು ಅವರಿಗೂ ಗೊತ್ತಿತ್ತು. ಅಂಗಡಿಯಲ್ಲಿ ಇಲ್ಲದ ಸರಕನ್ನು ದಾಸ್ತಾನು ಪುಸ್ತಕದಲ್ಲಿ ತೋರಿಸಿದಂತಾಯಿತು.

ಜೈನ ಕುಟುಂಬಗಳು ಈ ವಿಷಯದಲ್ಲಿ ದೂರ ನಿಂತು ತೀರ್ಪು ಕೊಡುವಂತಿಲ್ಲ. ಎಂಟನೆಯ ತರಗತಿಗೆ ಮಕ್ಕಳನ್ನು ಸೇರಿಸುವಾಗ 'ಯಾವುದರಲ್ಲಿ ಅಂಕ ಹೆಚ್ಚು' ಎಂದು ಕೇಳಿ, ಹೊರಗೆ 'ನಮ್ಮ ಸಂಸ್ಕೃತಿಗಾಗಿ' ಎಂದು ಹೇಳುವ ಶ್ರಾವಕರಿಗೆ ಕಷಾಯಗಳಲ್ಲಿ ಮಾಯೆಯೂ ಒಂದೆಂಬುದು ತಿಳಿಯದ ವಿಷಯವೇನಲ್ಲ. ಜೈನರ ವಿದ್ಯಾಪರಂಪರೆಯಾದರೋ ಸಂಸ್ಕೃತ ಬೇಕೇ ಕನ್ನಡ ಬೇಕೇ ಎಂಬ ಜಗಳವನ್ನೇ ಅರಿಯದು. ಭಟ್ಟಾಕಲಂಕದೇವನು 1604ರಲ್ಲಿ ಕನ್ನಡದ ವ್ಯಾಕರಣವಾದ 'ಕರ್ಣಾಟಕ ಶಬ್ದಾನುಶಾಸನ'ವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದನು. ಅದಕ್ಕೂ ಹಲವು ಶತಮಾನ ಮೊದಲು 'ವಡ್ಡಾರಾಧನೆ'ಯ ಕರ್ತೃ ಪ್ರಾಕೃತ ಗಾಹೆಗಳನ್ನಿಟ್ಟುಕೊಂಡು ಹಳಗನ್ನಡ ಗದ್ಯದಲ್ಲಿ ಕಥೆ ಹೇಳಿದನು. ಒಂದನ್ನು ಬಿಟ್ಟರೆ ಇನ್ನೊಂದು ತೆರೆಯದು. ಪ್ರೌಢಶಾಲೆಯಲ್ಲಿ ಕನ್ನಡವನ್ನು ಬಿಟ್ಟು ಅಂಕದ ಸಂಸ್ಕೃತವನ್ನು ಹಿಡಿದ ಮಗು ಎರಡನ್ನೂ ಓದಲಾರದು.

ಕನ್ನಡಕ್ಕೆ 2008ರಲ್ಲಿ, ಪ್ರಾಕೃತಕ್ಕೆ 2024ರಲ್ಲಿ ಶಾಸ್ತ್ರೀಯ ಭಾಷೆಯ ಮನ್ನಣೆ ದೊರೆಯಿತು. ಸಮಾಜದಲ್ಲಿ ಸಂಭ್ರಮವೂ ನಡೆಯಿತು, ಸಿಹಿಯೂ ಹಂಚಲ್ಪಟ್ಟಿತು. ಆದರೆ ಮಾನಸಗಂಗೋತ್ರಿಯಲ್ಲಿ ಡಾ. ಆ. ನೇ. ಉಪಾಧ್ಯೆಯವರು ಕಟ್ಟಿದ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗಕ್ಕೆ ವಿದ್ಯಾರ್ಥಿಗಳು ಬರಬೇಕಾದದ್ದು ಪ್ರೌಢಶಾಲೆಗಳಿಂದಲೇ ಅಲ್ಲವೇ?

ಬಸದಿಗಳ ಟ್ರಸ್ಟುಗಳು ಪ್ರತಿವರ್ಷ ಪ್ರತಿಭಾ ಪುರಸ್ಕಾರ ನೀಡುತ್ತವೆ. ಅಂಕಪಟ್ಟಿಯ ನೆರಳಚ್ಚು ತಂದವರಿಗೆ ಶಾಲು, ಲಕೋಟೆ. ಮುಂದಿನ ವರ್ಷದಿಂದ ವೇದಿಕೆಯ ಮೇಲೆ ಒಂದು ಸಂಸ್ಕೃತ ಶ್ಲೋಕವನ್ನು ಅನ್ವಯಿಸಿ ಅರ್ಥ ಹೇಳಿದವರಿಗೆ, ಇಲ್ಲವೇ 'ವಡ್ಡಾರಾಧನೆ'ಯ ಒಂದು ಪುಟವನ್ನು ತಡವರಿಸದೆ ಓದಿದವರಿಗೆ ಆ ಲಕೋಟೆ ಸಲ್ಲಲಿ. ಮೊದಲ ವರ್ಷ ಲಕೋಟೆಗಳು ಮಿಕ್ಕಬಹುದು. ಮಿಕ್ಕ ಹಣದಿಂದ ಒಬ್ಬ ಅಧ್ಯಾಪಕರನ್ನು ನೇಮಿಸಿಕೊಳ್ಳಬಹುದು.